ಗಣೆಗೊಂದು ವೈರು, ತಮಟೆಗೊಂದು ವೈರು: ಸ್ಟೀರಿಯೊ ರೆಕಾರ್ಡಿಂಗಿಗೆ ಮೈಕ್ ಕೇಬಲ್ ಆರಿಸುವ ಬಗೆ

ಸಿರಾ ಸೀಮೆಯ ಗೊಲ್ಲರಹಟ್ಟಿಗಳಲ್ಲಿ ಜುಂಜಪ್ಪನ ಕಾವ್ಯ ಹಾಡುವವರು ನಡುನಡುವೆ ಗಣೆ ಊದುತ್ತಾರೆ. ಉದ್ದನೆಯ ಬಿದಿರ ಕೊಳಲು ಅದು. ನಾದದ ಜೊತೆಗೆ ಊದುವವನ ಉಸಿರೂ ಕೇಳಿಸಬೇಕು, ಅದರಲ್ಲೇ ಅದರ ಜೀವ. ಚಿಕ್ಕಬಳ್ಳಾಪುರ, ಕೋಲಾರದ ಕಡೆ ಬಂದರೆ ತಮಟೆ. ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ತಂದುಕೊಟ್ಟ ವಾದ್ಯ. ಈ ಎರಡನ್ನೂ ಸ್ಟೀರಿಯೊದಲ್ಲಿ ಹಿಡಿಯಲು ಹೊರಟವರು ಮೈಕಿನ ಬಗ್ಗೆ ತಿಂಗಳುಗಟ್ಟಲೆ ವಿಚಾರಿಸುತ್ತಾರೆ, ಕೇಬಲ್ ಮಾತ್ರ ಅಂಗಡಿಯವರು ಕೊಟ್ಟದ್ದನ್ನು ತರುತ್ತಾರೆ. ತಮಟೆಗೆ ಅದು ನಡೆದೀತು. ಗಣೆಗೆ ನಡೆಯುವುದಿಲ್ಲ.

ಕಾರಣ ಗೇನ್, ಅಂದರೆ ಮೈಕಿನಿಂದ ಬಂದ ಸಣ್ಣ ಸಂಕೇತವನ್ನು ರೆಕಾರ್ಡರ್ ಹಿಗ್ಗಿಸುವ ಪ್ರಮಾಣ. ತಮಟೆಯ ಹತ್ತಿರ ಮೈಕ್ ಇಟ್ಟರೆ ರೆಕಾರ್ಡರಿನಲ್ಲಿ 20 ಡೆಸಿಬೆಲ್ ಗೇನ್ ಸಾಕಾಗುತ್ತದೆ, ಕೆಲವೊಮ್ಮೆ ಅದೂ ಹೆಚ್ಚು. ಗಣೆಯ ಮುಂದೆ ಡೈನಮಿಕ್ ಮೈಕ್ (ಕರೆಂಟ್ ಬೇಡದ ಬಗೆಯದು) ಇಟ್ಟರೆ 60ರ ತನಕ ಏರಿಸಬೇಕಾದೀತು. 20 ಡೆಸಿಬೆಲ್ ಎಂದರೆ ವೋಲ್ಟೇಜ್ ಹತ್ತು ಪಟ್ಟು, 60 ಎಂದರೆ ಸಾವಿರ ಪಟ್ಟು. ದಾರಿಯಲ್ಲಿ ವೈರಿನೊಳಕ್ಕೆ ನುಸುಳಿದ ಗುಂಯ್ ಸದ್ದೂ ಅಷ್ಟೇ ಪಟ್ಟು ಹಿಗ್ಗುತ್ತದೆ. ಆದ್ದರಿಂದ ಕೇಬಲ್ ಆರಿಸುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಬೆಲೆಯದ್ದೂ ಅಲ್ಲ, ಕಂಪನಿಯದ್ದೂ ಅಲ್ಲ: ನಾನು ಹಿಡಿಯುವ ಸದ್ದು ಎಷ್ಟು ಮೆಲ್ಲಗಿದೆ, ವೈರು ಎಷ್ಟು ದೂರ ಓಡಬೇಕು, ಅದರ ಪಕ್ಕದಲ್ಲಿ ಏನೇನು ಹಾದುಹೋಗುತ್ತದೆ. ಸ್ಟೀರಿಯೊ ಆದ್ದರಿಂದ ನಾಲ್ಕನೆಯದೂ ಒಂದಿದೆ: ಎಡದ ವೈರು, ಬಲದ ವೈರು ಒಂದೇ ರೀತಿ ಜೋಡಣೆಯಾಗಿವೆಯೇ? ಈ ನಾಲ್ಕನೆಯದನ್ನು ಬಹಳ ಜನ ಕೇಳಿಕೊಳ್ಳುವುದೇ ಇಲ್ಲ.

ಇಪಿ ಪಿನ್ನೋ, ಎಕ್ಸ್‌ಎಲ್‌ಆರೋ?

ಮೊದಲ ಕವಲು ಇದು. ನಮ್ಮ ಅಂಗಡಿಗಳಲ್ಲಿ ಇಪಿ ಎಂದು ಸಿಗುವ 3.5 ಮಿ.ಮೀ. ಸ್ಟೀರಿಯೊ ಪಿನ್ನಿನ ತುದಿಯಲ್ಲಿ ಎಡ ಚಾನೆಲ್, ನಡುವಿನ ಉಂಗುರದಲ್ಲಿ ಬಲ, ಬುಡದಲ್ಲಿ ಗ್ರೌಂಡ್. ಒಂದೇ ತೆಳು ವೈರಿನಲ್ಲಿ ಸ್ಟೀರಿಯೊ ಪೂರ್ತಿ ಬಂದುಬಿಡುತ್ತದೆ. ರೆಕಾರ್ಡರ್ ಅದೇ ವೈರಿನ ಮೂಲಕ ಎರಡು ಮೂರು ವೋಲ್ಟ್ ಪ್ಲಗ್-ಇನ್ ಪವರ್ ಕೊಟ್ಟು ಕರೆಂಟ್ ಬೇಕಾಗುವ ಪುಟ್ಟ ಕಂಡೆನ್ಸರ್ ಮೈಕುಗಳನ್ನು ನಡೆಸುತ್ತದೆ. ಜೂಮ್ ಎಚ್1ಎನ್ ಥರದ ಜೇಬಿನ ರೆಕಾರ್ಡರಿನಲ್ಲಿ ಹೊರಗಿನ ಮೈಕಿಗೆ ಇರುವ ಬಾಗಿಲು ಇದೊಂದೇ.

ಎಕ್ಸ್‌ಎಲ್‌ಆರ್ ಎಂದರೆ ಮೂರು ಪಿನ್ನಿನ ದುಂಡು ಕನೆಕ್ಟರ್, ಅದರ ಕೇಬಲ್ ಒಂದು ಮೈಕಿಗೆ ಒಂದು. ಅದರೊಳಗೆ ಎರಡು ತಂತಿ ಹೆಣೆದುಕೊಂಡಿರುತ್ತವೆ, ಹೊರಗೆ ಶೀಲ್ಡ್ ಎಂಬ ಲೋಹದ ಹೊದಿಕೆ. ಒಂದನೇ ಪಿನ್ನಿಗೆ ಶೀಲ್ಡ್, ಎರಡನೇ ಪಿನ್ನಿಗೆ ಹಾಟ್, ಮೂರನೇ ಪಿನ್ನಿಗೆ ಕೋಲ್ಡ್, ಅಂದರೆ ಅದೇ ಸಂಕೇತದ ತಲೆಕೆಳಗಾದ ಪ್ರತಿ. ರೆಕಾರ್ಡರ್ ನೋಡುವುದು ಎರಡು ಮತ್ತು ಮೂರರ ನಡುವಿನ ವ್ಯತ್ಯಾಸವನ್ನು ಮಾತ್ರ. ಹೊರಗಿನಿಂದ ಬಂದ ಹಮ್ (ಆ ಗುಂಯ್ ಸದ್ದು) ಎರಡೂ ತಂತಿಗಳಿಗೆ ಸಮನಾಗಿ ತಗಲುವುದರಿಂದ ಕಳೆದಾಗ ಬಹುಮಟ್ಟಿಗೆ ಸೊನ್ನೆಯಾಗುತ್ತದೆ. ಬ್ಯಾಲೆನ್ಸ್ ಎನ್ನುವುದು ಇದನ್ನೇ. ಇಪಿಯಲ್ಲಿ ಈ ಕಳೆಯುವ ಏರ್ಪಾಡಿಲ್ಲ. ತಗಲಿದ್ದೆಲ್ಲ ಒಳಗೆ ಬರುತ್ತದೆ.

ಹಾಗೆಂದು ಇಪಿಯನ್ನು ತಳ್ಳಿಹಾಕಬೇಕಾಗಿಲ್ಲ. ಮೈಕಿನಿಂದ ರೆಕಾರ್ಡರಿಗೆ ಒಂದೆರಡು ಮೀಟರ್ ಇದ್ದು, ರೆಕಾರ್ಡರ್ ಬ್ಯಾಟರಿಯಲ್ಲಿ ಓಡುತ್ತಿದ್ದರೆ, ಊರ ಭಜನೆಯನ್ನೋ ಅಜ್ಜಿ ಹೇಳುವ ಸೋಬಾನೆ ಪದವನ್ನೋ ಅದರಲ್ಲಿ ಚೆನ್ನಾಗಿಯೇ ಹಿಡಿಯಬಹುದು. ನನ್ನ ಮಿತಿ ಐದು ಮೀಟರ್. ಇಪಿ ಎಕ್ಸ್‌ಟೆನ್ಷನ್ ಸೇರಿಸಿ ಸೇರಿಸಿ ಹತ್ತು ಮೀಟರ್ ಎಳೆಯುವ ಹೊತ್ತಿಗೆ ಶಾಮಿಯಾನದ ಸೀರಿಯಲ್ ಸೆಟ್ಟಿನ ಸದ್ದು ಹಾಡಿನ ಜೊತೆಗೇ ಕೂತಿರುತ್ತದೆ. ಇಪಿ ಮೈಕೇ ಇರುವುದು, ದೂರ ಮಾತ್ರ ಹೆಚ್ಚು ಎನ್ನುವವರಿಗೆ ಒಂದು ದಾರಿಯಿದೆ. ರೋಡ್ ಕಂಪನಿಯ ವಿಎಕ್ಸ್‌ಎಲ್‌ಆರ್ ಪ್ಲಸ್ ಥರದ ಪುಟ್ಟ ಅಡಾಪ್ಟರ್ ರೆಕಾರ್ಡರ್ ಮೈಕ್ ಕೇಬಲ್ಲಿನಲ್ಲೇ ಕಳಿಸುವ 48 ವೋಲ್ಟಿನ ಫ್ಯಾಂಟಮ್ ಪವರನ್ನು ಇಪಿ ಮೈಕಿಗೆ ಬೇಕಾದಷ್ಟಕ್ಕೆ ಇಳಿಸಿಕೊಡುತ್ತದೆ. ಮೈಕಿನ ಹತ್ತಿರ ಅದನ್ನು ಹಾಕಿ, ಅಲ್ಲಿಂದಾಚೆಗೆ ಎಕ್ಸ್‌ಎಲ್‌ಆರ್ ಕೇಬಲ್ ಎಳೆಯಿರಿ. ಒಂದು ಅಡಾಪ್ಟರಿಗೆ ಒಂದೇ ಚಾನೆಲ್ ಎನ್ನುವುದನ್ನು ಮರೆಯಬೇಡಿ. ಸ್ಟೀರಿಯೊಗೆ ಎರಡು ಬಿಡಿ ಮೈಕು, ಎರಡು ಅಡಾಪ್ಟರ್ ಬೇಕು.

ಮೊಬೈಲಿನ ಹೆಡ್‌ಫೋನ್ ಜ್ಯಾಕಿಗೆ ಸ್ಟೀರಿಯೊ ಮೈಕ್ ಹಾಕುವವರಿಗೂ ಒಂದು ಮಾತು. ನಾಲ್ಕು ಭಾಗದ ಆ ಪಿನ್ನಿನಲ್ಲಿ ಮೈಕಿಗೆಂದು ಇರುವುದು ಒಂದೇ ಭಾಗ. ಎಷ್ಟು ಒಳ್ಳೆಯ ಸ್ಟೀರಿಯೊ ಮೈಕ್ ತಂದರೂ, ಯಾವ ಕನ್ವರ್ಟರ್ ಪಿನ್ ಹಾಕಿದರೂ ಆ ಜ್ಯಾಕಿನಿಂದ ಒಳಗೆ ಹೋಗುವುದು ಮೋನೊ. ಸ್ಟೀರಿಯೊ ಬೇಕಿದ್ದರೆ ಎರಡು ಮೈಕ್ ಇನ್‌ಪುಟ್ ಇರುವ ಯುಎಸ್‌ಬಿ ಇಂಟರ್‌ಫೇಸ್ ಇಲ್ಲವೇ ಬೇರೆ ರೆಕಾರ್ಡರ್ ಬೇಕೇ ಬೇಕು.

ಇಪಿಗೂ ಎಕ್ಸ್‌ಎಲ್‌ಆರಿಗೂ ನಡುವೆ ನಮ್ಮೂರಿನ ಮೈಕ್ ಸೆಟ್ಟಿನವರ ಹತ್ತಿರ ಇನ್ನೊಂದು ಕೇಬಲ್ ಇರುತ್ತದೆ: ಮೈಕಿನ ಕಡೆ ಎಕ್ಸ್‌ಎಲ್‌ಆರ್, ಆಂಪ್ಲಿಫೈಯರಿನ ಕಡೆ ಪಿ-38 ಮೋನೊ ಎಂಬ ದಪ್ಪ ಪಿನ್ನು. ಅದರಲ್ಲಿ ಸಾಮಾನ್ಯವಾಗಿ ಮೂರನೇ ಪಿನ್ನನ್ನು ಒಂದನೆಯದಕ್ಕೆ ಸೇರಿಸಿ ಬೆಸೆದಿರುತ್ತಾರೆ. ಭಾಷಣಕ್ಕೆ ಸಾಕು. ಸ್ಟೀರಿಯೊ ರೆಕಾರ್ಡಿಂಗಿಗೆ ಎರವಲು ತರಬೇಡಿ. ಬ್ಯಾಲೆನ್ಸ್ ಹೋಗಿರುತ್ತದೆ, ಫ್ಯಾಂಟಮ್ ಪವರೂ ದಾಟುವುದಿಲ್ಲ.

ಎರಡು ಬಿಡಿ ಕೇಬಲ್ಲೋ, ಒಂದೇ ಜೋಡಿ ಕೇಬಲ್ಲೋ?

ಎಕ್ಸ್‌ಎಲ್‌ಆರ್ ಎಂದು ನಿರ್ಧರಿಸಿದ ಮೇಲೆ ಇಲ್ಲಿ ಮೂರು ಆಯ್ಕೆ. ಎರಡು ಬಿಡಿ ಕೇಬಲ್. ಎರಡು ಜೋಡಿಗಳನ್ನು ಒಂದೇ ಹೊದಿಕೆಯಲ್ಲಿ ಸೇರಿಸಿದ ಮಲ್ಟಿಕೋರ್. ಐದು ಪಿನ್ನಿನ ಸ್ಟೀರಿಯೊ ಕೇಬಲ್.

ಐದು ಪಿನ್ನಿನದು ರೋಡ್ ಎನ್‌ಟಿ4ರಂಥ ಸ್ಟೀರಿಯೊ ಮೈಕುಗಳದ್ದು. ಒಂದೇ ಮೈಕಿನ ತಲೆಯಲ್ಲಿ ಸದ್ದು ಹಿಡಿಯುವ ಎರಡು ಕ್ಯಾಪ್ಸೂಲುಗಳು 90 ಡಿಗ್ರಿ ಕೋನದಲ್ಲಿ ಕೂತಿರುತ್ತವೆ. ಒಂದನೇ ಪಿನ್ ಗ್ರೌಂಡ್, ಎರಡು-ಮೂರು ಎಡದ ಹಾಟ್ ಮತ್ತು ಕೋಲ್ಡ್, ನಾಲ್ಕು-ಐದು ಬಲದವು. ಕೇಬಲ್ಲಿನ ಇನ್ನೊಂದು ತುದಿ ಒಡೆದು ಎರಡು ಮೂರು-ಪಿನ್ ಎಕ್ಸ್‌ಎಲ್‌ಆರ್ ಆಗುತ್ತದೆ. ಒಂದೇ ಸ್ಟ್ಯಾಂಡು, ಒಂದೇ ವೈರು, ಎಡ-ಬಲ ಅದಲುಬದಲಾಗುವ ಭಯ ಕಡಿಮೆ. ಬೆಂಗಳೂರಿನ ಸ್ಟುಡಿಯೊದಲ್ಲಿ ಕೂತವರಿಗೆ ನಾನು ಇದನ್ನು ಬೇಡವೆನ್ನುವುದಿಲ್ಲ. ಆದರೆ ಮಧುಗಿರಿಯ ಹಳ್ಳಿಯೊಂದರಲ್ಲಿ ರಾತ್ರಿ ಹತ್ತಕ್ಕೆ ಮೂಡಲಪಾಯ ಯಕ್ಷಗಾನ ಶುರುವಾಗಿ, ಮುಖವೀಣೆ ಏರುತ್ತಿರುವಾಗ ಆ ಐದು ಪಿನ್ನಿನ ಕೇಬಲ್ ಕೈಕೊಟ್ಟರೆ ಸುತ್ತ ನಲವತ್ತು ಕಿಲೋಮೀಟರಿನಲ್ಲಿ ಇನ್ನೊಂದು ಸಿಗುವುದಿಲ್ಲ. ಮೂರು ಪಿನ್ನಿನದಾದರೆ ವೇದಿಕೆಯ ಮೈಕ್ ಸೆಟ್ಟಿನವರೇ ಒಂದು ತೆಗೆದು ಕೊಡುತ್ತಾರೆ. ಲೈಟಿಂಗಿನವರ ಬಳಿ ದೀಪಗಳನ್ನು ನಿಯಂತ್ರಿಸುವ ಐದು ಪಿನ್ನಿನ ಡಿಎಂಎಕ್ಸ್ ಕೇಬಲ್ ಕಂಡು ಆಸೆಪಡುವವರಿದ್ದಾರೆ. ಅದರಲ್ಲಿ ಎಷ್ಟೋ ಸಲ ನಾಲ್ಕು ಮತ್ತು ಐದನೇ ಪಿನ್ನಿಗೆ ತಂತಿಯೇ ಇರುವುದಿಲ್ಲ, ಬಲ ಚಾನೆಲ್ ಸತ್ತಿರುತ್ತದೆ. ಮೂರು ಪಿನ್ನಿನ ಡಿಎಂಎಕ್ಸ್ ಕೇಬಲ್ ಮಾತ್ರ ಆಪತ್ತಿಗೆ ಮೈಕ್ ಕೇಬಲ್ ಆಗಿ ಒದಗುತ್ತದೆ.

ಮಲ್ಟಿಕೋರ್ ಒಳ್ಳೆಯ ನಡುದಾರಿ. ಒಳಗಿನ ಎರಡು ಜೋಡಿಗಳಿಗೂ ಬೇರೆ ಬೇರೆ ಶೀಲ್ಡ್ ಇರುವುದನ್ನೇ ಆರಿಸಿ. ಇಪ್ಪತ್ತು ಮೀಟರ್ ದೂರಕ್ಕೆ, ಜನ ಓಡಾಡುವ ಜಾಗದಲ್ಲಿ, ನೆಲಕ್ಕೆ ಟೇಪ್ ಹಾಕಿ ಅಂಟಿಸಬೇಕಾದಾಗ ಎರಡರ ಬದಲು ಒಂದೇ ವೈರು ಇರುವುದು ದೊಡ್ಡ ಅನುಕೂಲ. ಕಾಲಿಗೆ ಸಿಕ್ಕುವುದು ಕಡಿಮೆ, ಸುತ್ತುವುದು ಸಲೀಸು. ಕೈವಾರದ ಗುರುಪೂಜಾ ಸಂಗೀತೋತ್ಸವದಂಥ ಕಡೆ ಕಲಾವಿದರ ತಂಡಗಳು ಒಂದರ ಹಿಂದೊಂದು ವೇದಿಕೆ ಏರಿ ಇಳಿಯುವಾಗ ನೆಲದ ಮೇಲೆ ಹರಡಿದ ವೈರುಗಳು ಕಡಿಮೆಯಿದ್ದಷ್ಟೂ ಅವರಿಗೂ ಕ್ಷೇಮ, ನಿಮಗೂ ಕ್ಷೇಮ. ತೊಂದರೆ ಎಂದರೆ ಒಡೆದ ತುದಿಗಳು. ಹೊದಿಕೆ ಮುಗಿದು ಎರಡು ಬಾಲಗಳಾಗುವ ಜಾಗದಲ್ಲೇ ಎಳೆತ ಬಿದ್ದು ತಂತಿ ತುಂಡಾಗುತ್ತದೆ. ಅಲ್ಲಿ ಹೀಟ್-ಶ್ರಿಂಕ್ (ಬಿಸಿ ಮಾಡಿದರೆ ಬಿಗಿಯುವ ಕೊಳವೆ) ಎರಡು ಪದರ ಹಾಕಿಸಿ.

ಕಾಸು ಉಳಿಸಲು ಒಂದು ಕೈಚಳಕ ಬಳಕೆಯಲ್ಲಿದೆ. ಎರಡು ತಂತಿ ಮತ್ತು ಶೀಲ್ಡ್ ಇರುವ ಒಂದೇ ಮೈಕ್ ವೈರಿನಲ್ಲಿ ಒಂದು ತಂತಿಗೆ ಎಡ ಮೈಕು, ಇನ್ನೊಂದಕ್ಕೆ ಬಲ ಮೈಕು ಕೊಡುವುದು. ಇಪಿ ಮೈಕುಗಳಿಗೆ ಇದು ಸರಿಯಾದ ಜೋಡಣೆಯೇ, ಅವುಗಳ ವೈರು ಇರುವುದೇ ಹಾಗೆ. ಎಕ್ಸ್‌ಎಲ್‌ಆರ್ ಮೈಕುಗಳಿಗೆ ಎಂದೂ ಬೇಡ. ಬ್ಯಾಲೆನ್ಸ್ ಹೋಗುತ್ತದೆ, ಫ್ಯಾಂಟಮ್ ಪವರಿನ ಲೆಕ್ಕ ತಪ್ಪುತ್ತದೆ, ಹೆಣೆದುಕೊಂಡ ತಂತಿಗಳಲ್ಲಿ ಎಡದ್ದು ಬಲಕ್ಕೂ ಬಲದ್ದು ಎಡಕ್ಕೂ ಸೋರುತ್ತದೆ.

ನನ್ನ ಆಯ್ಕೆ ಕೇಳಿದರೆ, ಹತ್ತು ಮೀಟರಿನ ಒಳಗೆ ಎರಡು ಬಿಡಿ ಕೇಬಲ್, ಅದಕ್ಕೆ ಮೇಲ್ಪಟ್ಟರೆ ಮಲ್ಟಿಕೋರ್. ಬಿಡಿ ಕೇಬಲ್ಲುಗಳಿಗೆ ಬಣ್ಣದ ಗುರುತು ಹಾಕಿ: ಒಂದರ ಎರಡೂ ತುದಿಗೆ ಕೆಂಪು ಟೇಪು, ಇನ್ನೊಂದಕ್ಕೆ ಹಳದಿ. ಕೆಂಪು ಯಾವಾಗಲೂ ಬಲ ಎಂದು ಒಮ್ಮೆ ನಿಯಮ ಮಾಡಿಕೊಂಡರೆ ಕತ್ತಲಲ್ಲೂ ಟಾರ್ಚಿನ ಬೆಳಕಿನಲ್ಲಿ ಜೋಡಿಸಬಹುದು.

ಎರಡು ಕೇಬಲ್ಲುಗಳ ಉದ್ದ ಸಮನಾಗಿರಬೇಕೇ ಎಂದು ಬಹಳ ಜನ ಕೇಳುತ್ತಾರೆ. ಬೇಕಿಲ್ಲ. ವೈರಿನಲ್ಲಿ ಸಂಕೇತ ಒಂದು ಮೀಟರ್ ದಾಟಲು ಹಿಡಿಯುವುದು ಸುಮಾರು 5 ನ್ಯಾನೊಸೆಕೆಂಡ್. ಗಾಳಿಯಲ್ಲಿ ಸದ್ದು ಅದೇ ಒಂದು ಮೀಟರಿಗೆ ಸುಮಾರು 2.9 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ಫ್ರೆಂಚ್ ರೇಡಿಯೊದವರು ರೂಢಿಗೆ ತಂದ ಓಆರ್‌ಟಿಎಫ್ ಜೋಡಣೆಯಲ್ಲಿ ಮೈಕುಗಳ ನಡುವೆ 17 ಸೆಂಟಿಮೀಟರ್ ಅಂತರ, 110 ಡಿಗ್ರಿ ಕೋನ. ಆ 17 ಸೆಂಟಿಮೀಟರ್ ಕೊಡುವ ಅರ್ಧ ಮಿಲಿಸೆಕೆಂಡಿನೊಳಗಿನ ವ್ಯತ್ಯಾಸದಿಂದಲೇ ಕಿವಿಗೆ ಎಡ-ಬಲ ತೆರೆದುಕೊಳ್ಳುತ್ತದೆ. ಒಂದು ಕೇಬಲ್ ಇನ್ನೊಂದಕ್ಕಿಂತ ಹತ್ತು ಮೀಟರ್ ಉದ್ದವಾದರೂ ಬರುವ ವ್ಯತ್ಯಾಸ ಅದರ ಹತ್ತು ಸಾವಿರದಲ್ಲಿ ಒಂದು ಪಾಲು. ಅಳತೆಪಟ್ಟಿಯನ್ನು ಮೈಕುಗಳ ನಡುವೆ ಹಿಡಿಯಿರಿ, ಕೇಬಲ್ಲಿಗೆ ಹಿಡಿಯಬೇಡಿ.

ಸಾದಾ ಜೋಡಿಯೋ, ಸ್ಟಾರ್-ಕ್ವಾಡೋ?

ಸಾದಾ ಮೈಕ್ ಕೇಬಲ್ಲಿನಲ್ಲಿ ಎರಡು ತಂತಿ. ಸ್ಟಾರ್-ಕ್ವಾಡಿನಲ್ಲಿ ನಾಲ್ಕು ತಂತಿ ಒಂದಕ್ಕೊಂದು ಸುತ್ತಿಕೊಂಡಿರುತ್ತವೆ. ಎದುರುಬದುರಿನ ಎರಡನ್ನು ಸೇರಿಸಿ ಎರಡನೇ ಪಿನ್ನಿಗೆ, ಉಳಿದೆರಡನ್ನು ಸೇರಿಸಿ ಮೂರನೇ ಪಿನ್ನಿಗೆ ಬೆಸೆಯುತ್ತಾರೆ. ಕನಾರೆ ಕಂಪನಿಯ ಎಲ್-4ಇ6ಎಸ್, ಮೊಗಾಮಿಯ 2534 ಇದರ ಪ್ರಸಿದ್ಧ ಮಾದರಿಗಳು.

ಇದರಿಂದ ಆಗುವ ಲಾಭ ತಿಳಿಯಲು ಹಮ್ ಎಲ್ಲಿಂದ ಬರುತ್ತದೆ ಎಂದು ನೋಡಬೇಕು. ಹೊರಗಿನ ಶೀಲ್ಡ್ ಮೊಬೈಲಿನ, ರೇಡಿಯೊ ಅಲೆಗಳ ಕಾಟವನ್ನು ತಡೆಯುತ್ತದೆ. ಆದರೆ ಕರೆಂಟ್ ವೈರಿನ ಸುತ್ತ ಹುಟ್ಟುವ 50 ಹರ್ಟ್ಸ್ ಕಾಂತಕ್ಷೇತ್ರಕ್ಕೆ ತಾಮ್ರದ ಶೀಲ್ಡ್ ಅಡ್ಡಿಯೇ ಅಲ್ಲ, ತೂರಿ ಬರುತ್ತದೆ. ಅದನ್ನು ಸೋಲಿಸುವುದು ತಂತಿಗಳ ಹೆಣಿಗೆ. ಎರಡು ತಂತಿಗಳೂ ಕ್ಷೇತ್ರಕ್ಕೆ ಎಷ್ಟು ಸಮನಾಗಿ ಒಡ್ಡಿಕೊಳ್ಳುತ್ತವೋ ಅಷ್ಟು ಚೆನ್ನಾಗಿ ಹಮ್ ಕಳೆದುಹೋಗುತ್ತದೆ. ನಾಲ್ಕು ತಂತಿಯ ಹೆಣಿಗೆಯಲ್ಲಿ ಈ ಸಮತೋಲ ಬಹಳ ಬಿಗಿ. ಸಾದಾ ಜೋಡಿಗೆ ಹೋಲಿಸಿದರೆ ಕಾಂತೀಯ ಹಮ್ ಹತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ ಎಂದು ತಯಾರಕರು ಹೇಳುತ್ತಾರೆ. ದೇವಸ್ಥಾನದ ಹಜಾರದಲ್ಲಿ ಜನರೇಟರಿನ ವೈರು, ಲೈಟಿನ ಡಿಮ್ಮರ್, ಎಲ್‌ಇಡಿ ಸರಗಳ ಪಕ್ಕದಲ್ಲೇ ಮೈಕ್ ವೈರು ಹಾಯಬೇಕಾದಾಗ ಈ ವ್ಯತ್ಯಾಸ ಬರಿಗಿವಿಗೇ ಗೊತ್ತಾಗುತ್ತದೆ. ಹೊಲದ ಪಕ್ಕದ ಹಟ್ಟಿಯಲ್ಲಿ ರಾತ್ರಿ ತ್ರೀ ಫೇಸ್ ಬಂದು ಬೋರ್‌ವೆಲ್ ಮೋಟರುಗಳು ಒಂದೊಂದಾಗಿ ಎದ್ದಾಗಲೂ ಅಷ್ಟೇ.

ಅನನುಕೂಲಗಳೂ ಇವೆ. ಬೆಲೆ ಹೆಚ್ಚು. ಪ್ರತಿ ಪಿನ್ನಿಗೆ ಎರಡೆರಡು ತಂತಿ ಬೆಸೆಯುವುದರಿಂದ ಕೈ ಪಳಗಿರಬೇಕು. ಪಕ್ಕಪಕ್ಕದ ತಂತಿಗಳನ್ನು ತಪ್ಪಾಗಿ ಸೇರಿಸಿದರೆ ಲಾಭವೆಲ್ಲ ಹೋಗಿ ಬರೀ ದುಬಾರಿ ವೈರು ಉಳಿಯುತ್ತದೆ. ಕನಾರೆಯಲ್ಲಿ ಎರಡು ನೀಲಿ, ಎರಡು ಬಿಳಿ ಇರುತ್ತವೆ, ಒಂದೇ ಬಣ್ಣದವನ್ನು ಸೇರಿಸಿದರೆ ಸರಿ. ಕೆಪ್ಯಾಸಿಟನ್ಸ್ (ತಂತಿಗಳ ನಡುವೆ ವಿದ್ಯುತ್ ಶೇಖರವಾಗುವ ಗುಣ) ಹೆಚ್ಚು, ಮೀಟರಿಗೆ 150 ಪಿಕೊಫ್ಯಾರಡ್ ಆಸುಪಾಸು, ಅದರಿಂದ ಮೇಲಿನ ಸ್ವರಗಳು ಮಂಕಾಗುತ್ತವೆ ಎಂಬ ಅಂಜಿಕೆ ಹಲವರಿಗಿದೆ. ಲೆಕ್ಕ ಹಾಕಿ ನೋಡಿ. 200 ಓಮ್‌ನ ಮೈಕಿಗೆ 100 ಮೀಟರ್ ಸ್ಟಾರ್-ಕ್ವಾಡ್ ಎಳೆದರೂ ಧ್ವನಿ ಇಳಿಯಲು ಶುರುವಾಗುವುದು 50 ಕಿಲೋಹರ್ಟ್ಸ್ ಆಚೆಈಚೆ. ನಮ್ಮ ಕಿವಿ 20ಕ್ಕೇ ನಿಲ್ಲುತ್ತದೆ. ಹತ್ತಿಪ್ಪತ್ತು ಮೀಟರ್ ಎಳೆಯುವವರು ಈ ಚಿಂತೆಯನ್ನು ಬಿಟ್ಟುಬಿಡಬಹುದು.

ಗಣೆ, ಏಕತಾರಿ, ಒಬ್ಬಂಟಿ ದನಿಯ ಲಾವಣಿಗೆ ಸ್ಟಾರ್-ಕ್ವಾಡ್ ಕೊಟ್ಟ ದುಡ್ಡಿಗೆ ನ್ಯಾಯ ಮಾಡುತ್ತದೆ. ತಮಟೆ, ಡೊಳ್ಳು, ನಾಗಸ್ವರಕ್ಕೆ ಸಾದಾ ಜೋಡಿ ಸಾಕು. ಅಲ್ಲಿ ದುಡ್ಡು ಕನೆಕ್ಟರಿಗೆ ಹಾಕಬೇಕು. ಇನ್ನೊಂದು ಉಪಾಯ ಕೇಬಲ್ಲಿಗಿಂತ ಮೊದಲೇ ಇದೆ. ಡೈನಮಿಕ್ ಮೈಕಿನ ಬದಲು ಕಂಡೆನ್ಸರ್ ಬಳಸಿದರೆ ವೈರಿನಲ್ಲಿ ಬರುವ ಸಂಕೇತವೇ ಸುಮಾರು ಐದು ಪಟ್ಟು ಜೋರಾಗಿರುತ್ತದೆ. ಗೇನ್ ಅಷ್ಟು ಇಳಿಸಬಹುದು, ಹಮ್ಮೂ ಅಷ್ಟು ಇಳಿಯುತ್ತದೆ.

ಶೀಲ್ಡಿನ ವಿಷಯ ಚುಟುಕಾಗಿ: ಹೆಣೆದ ತಾಮ್ರದ ಜಾಲರಿ ಗಟ್ಟಿ, ಎಲ್ಲ ಕಡೆಗೂ ಸಲ್ಲುತ್ತದೆ. ಸುರುಳಿ ಸುತ್ತಿದ್ದು ಮೆತ್ತಗೆ, ಬಗ್ಗಿಸಲು ಸುಲಭ, ಆದರೆ ಬಗ್ಗಿಸಿ ಬಗ್ಗಿಸಿ ಸಂದು ಬಿಡುತ್ತದೆ. ಅಲ್ಯೂಮಿನಿಯಂ ಹಾಳೆಯದು ಗೋಡೆಯಲ್ಲಿ ಕೂರಿಸುವ ವೈರಿಗೆ ಸರಿ, ದಿನಾ ಸುತ್ತಿ ಬಿಚ್ಚುವುದಕ್ಕಲ್ಲ.

ಎರಡು-ಮೂರು ಅದಲುಬದಲಾದರೆ

ಒಂದೇ ಮೈಕಿನ ಕೆಲಸದಲ್ಲಿ ಎರಡನೇ ಮತ್ತು ಮೂರನೇ ಪಿನ್ ತಿರುವುಮುರುವಾಗಿದ್ದರೂ ಯಾರಿಗೂ ತಿಳಿಯುವುದಿಲ್ಲ. ಸ್ಟೀರಿಯೊದಲ್ಲಿ ಒಂದು ಕೇಬಲ್ ಸರಿ, ಒಂದು ತಿರುವುಮುರುವು ಎಂದರೆ ಇಡೀ ರೆಕಾರ್ಡಿಂಗ್ ಹಾಳು. ಎಡದ ಸ್ಪೀಕರ್ ಮುಂದಕ್ಕೆ ತಳ್ಳುವಾಗ ಬಲದ್ದು ಹಿಂದಕ್ಕೆಳೆಯುತ್ತದೆ. ಹಾಡುಗಾರ ನಡುವೆ ನಿಲ್ಲುವುದಿಲ್ಲ, ದನಿ ತಲೆಯ ಸುತ್ತ ಚದುರುತ್ತದೆ, ತಮಟೆಯ ಕೆಳಸ್ವರ ಇಂಗಿಹೋಗುತ್ತದೆ. ಅದನ್ನೇ ಮೊಬೈಲಿನ ಒಂದೇ ಸ್ಪೀಕರಿನಲ್ಲಿ ಕೇಳಿದರೆ ಎಡ-ಬಲ ಕೂಡಿ ಒಂದನ್ನೊಂದು ನುಂಗುತ್ತವೆ. ನಮ್ಮ ಕೇಳುಗರಲ್ಲಿ ಹೆಚ್ಚಿನವರು ಕೇಳುವುದು ಹಾಗೆಯೇ.

ಒಂದು ಮೈಕನ್ನು ಮುಂದಕ್ಕೆ, ಇನ್ನೊಂದನ್ನು ಪಕ್ಕಗಳಿಗೆ ತಿರುಗಿಸಿಡುವ ಮಿಡ್-ಸೈಡ್ ವಿಧಾನದವರಿಗೆ ಇದು ಬೇರೆ ರೂಪದಲ್ಲಿ ಬರುತ್ತದೆ. ಅಲ್ಲಿ ಎಡ ಎಂದರೆ ನಡುಮೈಕು ಕೂಡಿಸು ಪಕ್ಕದ ಮೈಕು, ಬಲ ಎಂದರೆ ನಡುಮೈಕು ಕಳೆ ಪಕ್ಕದ ಮೈಕು. ಪಕ್ಕದ ಮೈಕಿನ ಕೇಬಲ್ ತಿರುವುಮುರುವಾದರೆ ಎಡ-ಬಲಗಳೇ ಅದಲುಬದಲು. ಕೇಳಲು ಎಲ್ಲ ಚೆನ್ನಾಗಿರುತ್ತದೆ, ವಿಡಿಯೊ ಜೊತೆ ಕೂಡಿಸಿದಾಗ ಮಾತ್ರ ಎಡಕ್ಕಿದ್ದ ಮದ್ದಳೆಯವನು ಬಲದಿಂದ ನುಡಿಸುತ್ತಿರುತ್ತಾನೆ.

ಪರೀಕ್ಷೆ ಸುಲಭ. ಮಲ್ಟಿಮೀಟರನ್ನು ಬೀಪ್ ಸದ್ದಿನ ಮೋಡಿನಲ್ಲಿಟ್ಟು ಒಂದಕ್ಕೆ ಒಂದು, ಎರಡಕ್ಕೆ ಎರಡು, ಮೂರಕ್ಕೆ ಮೂರು ನೋಡಿ. ಒಂದಕ್ಕೆ ಎರಡೋ ಮೂರೋ ತಗಲುತ್ತಿದೆಯೇ ಎಂದೂ ನೋಡಿ, ನೋಡುವಾಗ ವೈರನ್ನು ಅಲ್ಲಾಡಿಸಿ. ಕನೆಕ್ಟರಿನ ಲೋಹದ ಹೊರಮೈಗೆ ಒಂದನೇ ಪಿನ್ನನ್ನು ಬೆಸೆದಿದ್ದರೆ ಬಿಡಿಸಿಬಿಡಿ, ಅದು ಕಬ್ಬಿಣದ ಕಂಬಕ್ಕೋ ಸ್ಟೇಜಿಗೋ ತಗಲಿ ಹಮ್ ತರುತ್ತದೆ. ಮೀಟರ್ ಇಲ್ಲದಿದ್ದರೆ ಎರಡು ಮೈಕುಗಳನ್ನೂ ಒಟ್ಟಿಗೆ ತುಟಿಯ ಮುಂದೆ ಹಿಡಿದು ಮಾತಾಡಿ ರೆಕಾರ್ಡ್ ಮಾಡಿ, ಮೋನೊ ಮಾಡಿ ಕೇಳಿ. ದನಿ ತುಂಬಿ ಬಂದರೆ ಸರಿ, ತೆಳ್ಳಗಾಗಿ ಮಾಯವಾದರೆ ಒಂದು ಕೇಬಲ್ ತಿರುವುಮುರುವಾಗಿದೆ.

ಮೈಕ್ ಸೆಟ್ಟಿನಿಂದ ಲೈನ್ ತೆಗೆದುಕೊಳ್ಳುವಾಗ

ತುಮಕೂರಿನ ಗುಬ್ಬಿ ವೀರಣ್ಣ ಕಲಾಕ್ಷೇತ್ರದಲ್ಲಾಗಲಿ, ಕೋಲಾರದ ಟಿ. ಚನ್ನಯ್ಯ ರಂಗಮಂದಿರದಲ್ಲಾಗಲಿ ನಾಟಕ, ಕಛೇರಿ ರೆಕಾರ್ಡ್ ಮಾಡುವವರು ಮಿಕ್ಸರಿನಿಂದಲೂ ಒಂದು ಲೈನ್ ಕೇಳುವುದು ರೂಢಿ. ಎಲ್ಲಕ್ಕಿಂತ ಹೆಚ್ಚು ಕೆಟ್ಟ ಜೋಡಣೆಗಳು ಕಾಣುವುದು ಇಲ್ಲಿ. ಅಂಗಡಿಯಲ್ಲಿ ಸಿಗುವ ಎಕ್ಸ್‌ಎಲ್‌ಆರ್-ಇಪಿ ಕೇಬಲ್ಲುಗಳಲ್ಲಿ ಹಲವನ್ನು ಎರಡನೇ ಪಿನ್ ಇಪಿಯ ತುದಿಗೆ, ಮೂರನೇ ಪಿನ್ ಉಂಗುರಕ್ಕೆ ಬರುವಂತೆ ಬೆಸೆದಿರುತ್ತಾರೆ. ರೆಕಾರ್ಡರ್ ಆ ಇಪಿಯನ್ನು ಸ್ಟೀರಿಯೊ ಎಂದು ಓದುತ್ತದೆ. ಎಡಕ್ಕೆ ಹಾಟ್ ಹೋಯಿತು, ಬಲಕ್ಕೆ ಅದರ ತಲೆಕೆಳಗಾದ ಪ್ರತಿ ಹೋಯಿತು. ಹೆಡ್‌ಫೋನಿನಲ್ಲಿ ಕೇಳಿದರೆ ಏನೋ ಅಗಲವಾಗಿ ಕೇಳಿಸಿ ಖುಷಿಯಾಗುತ್ತದೆ. ಮೋನೊ ಮಾಡಿದ ಕ್ಷಣ ಪಾತ್ರಧಾರಿಯ ಮಾತು ಅಳಿಸಿಹೋಗುತ್ತದೆ.

ಸರಿಯಾದ ಕೇಬಲ್ ಹೀಗಿರಬೇಕು: ಮಿಕ್ಸರಿನ ಎಡ ಔಟ್‌ಪುಟ್‌ನ ಎರಡನೇ ಪಿನ್ ಇಪಿಯ ತುದಿಗೆ, ಬಲ ಔಟ್‌ಪುಟ್‌ನ ಎರಡನೇ ಪಿನ್ ಉಂಗುರಕ್ಕೆ, ಎರಡರ ಒಂದನೇ ಪಿನ್ನುಗಳೂ ಬುಡಕ್ಕೆ. ಔಟ್‌ಪುಟ್ ಒಂದೇ ಇದ್ದರೆ ಅದರ ಎರಡನೇ ಪಿನ್ನನ್ನೇ ತುದಿಗೂ ಉಂಗುರಕ್ಕೂ ಕೊಡಿ. ಮಿಕ್ಸರ್ ಕೊಡುವ ಸಂಕೇತ (ಲೈನ್ ಲೆವೆಲ್) ಮೈಕಿನದಕ್ಕಿಂತ ಬಹಳ ಜೋರು, ಆದ್ದರಿಂದ ರೆಕಾರ್ಡರಿನಲ್ಲಿ ಲೈನ್ ಇನ್‌ಪುಟ್ ಆರಿಸಿ ಇಲ್ಲವೇ ನಡುವೆ ಸಂಕೇತವನ್ನು ತಗ್ಗಿಸುವ ಪ್ಯಾಡ್ ಹಾಕಿ. ಗುಂಯ್ ಬಂದರೆ ರೆಕಾರ್ಡರನ್ನು ಚಾರ್ಜರಿನಿಂದ ಬಿಡಿಸಿ ಬ್ಯಾಟರಿಗೆ ಹಾಕಿ ನೋಡಿ, ಬಹಳ ಸಲ ಅಲ್ಲಿಗೇ ನಿಲ್ಲುತ್ತದೆ. ನಿಲ್ಲದಿದ್ದರೆ ನಡುವೆ 1:1 ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಹಾಕಿ, ಅದು ತಂತಿಗೆ ತಂತಿ ತಗಲದೆ ಸಂಕೇತವನ್ನು ಮಾತ್ರ ದಾಟಿಸುತ್ತದೆ. ಎಕ್ಸ್‌ಟೆನ್ಷನ್ ಬಾಕ್ಸಿನ ಅರ್ಥ್ ಪಿನ್ ಕಿತ್ತು ಹಮ್ ನಿಲ್ಲಿಸುವವರನ್ನು ಕಂಡರೆ ದಯವಿಟ್ಟು ತಡೆಯಿರಿ. ಕೈಯಲ್ಲಿ ಲೋಹದ ಮೈಕ್ ಹಿಡಿದ ಕಲಾವಿದನ ಜೀವದ ಪ್ರಶ್ನೆ ಅದು.

ಕ್ಯಾಟ್ 6 ಎಂಬ ಬದಲಿ

ಸಿಸಿಟಿವಿ, ಇಂಟರ್ನೆಟ್ ಅಂಗಡಿಗಳು ಈಗ ತಾಲ್ಲೂಕು ಕೇಂದ್ರಗಳಲ್ಲೆಲ್ಲ ಇವೆ, ಕ್ಯಾಟ್ 6 ಎಂಬ ಇಂಟರ್ನೆಟ್ ವೈರು ಗೌರಿಬಿದನೂರಿನಲ್ಲೂ ಸಿಗುತ್ತದೆ, ಮುಳಬಾಗಿಲಿನಲ್ಲೂ ಸಿಗುತ್ತದೆ. ಅದರಲ್ಲಿ ನಾಲ್ಕು ಹೆಣೆದ ಜೋಡಿಗಳು, ಹೆಣಿಗೆಯೂ ಬಿಗಿ. ಬ್ಯಾಲೆನ್ಸ್‌ಡ್ ಆಡಿಯೊ ಅದರಲ್ಲಿ ಚೆನ್ನಾಗಿಯೇ ಹರಿಯುತ್ತದೆ. ಕಿತ್ತಳೆ ಜೋಡಿ ಎಡಕ್ಕೆ, ನೀಲಿ ಜೋಡಿ ಬಲಕ್ಕೆ, ಉಳಿದೆರಡು ಜೋಡಿಗಳನ್ನು ಶೀಲ್ಡಿನ ಜೊತೆ ಸೇರಿಸಿ ಒಂದನೇ ಪಿನ್ನುಗಳಿಗೆ. ಫ್ಯಾಂಟಮ್ ಪವರಿಗೆ ವಾಪಸು ದಾರಿ ಬೇಕೇ ಬೇಕು, ಅದಕ್ಕೇ ಶೀಲ್ಡ್ ಇರುವ ಕ್ಯಾಟ್ 6 ತನ್ನಿ. ಒಂದು ಭಜನಾ ಮಂದಿರದಲ್ಲೋ ಶಾಲೆಯ ಸಭಾಂಗಣದಲ್ಲೋ ಸೂರಿಗೆ ಸ್ಟೀರಿಯೊ ಮೈಕ್ ಜೋಡಿ ತೂಗುಬಿಟ್ಟು, ನಲವತ್ತು ಮೀಟರ್ ಪೈಪಿನಲ್ಲಿ ಎಳೆದು ಬಿಡುವುದಾದರೆ ಇದಕ್ಕಿಂತ ಅಗ್ಗದ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ. ಹೊತ್ತು ತಿರುಗುವುದಕ್ಕೆ ಮಾತ್ರ ಬೇಡ, ಒಂದೇ ಎಳೆಯ ಗಟ್ಟಿ ತಂತಿ ನಾಲ್ಕು ಸಲ ಬಗ್ಗಿದರೆ ಮುರಿಯುತ್ತದೆ. ಸಿಸಿಟಿವಿಯ 3+1 ವೈರು ಕೂಡ ಬೇಡ, ಅದರಲ್ಲಿ ಹೆಣೆದ ಜೋಡಿಯೇ ಇಲ್ಲ.

ಕೊಳ್ಳುವಾಗ, ಬೆಸೆಯುವಾಗ

ಬೆಂಗಳೂರಿನ ಎಸ್‌.ಪಿ. ರಸ್ತೆಗೆ ಹೋಗಿ ರೋಲಿನಿಂದ ಮೀಟರ್ ಲೆಕ್ಕದಲ್ಲಿ ವೈರು ಕತ್ತರಿಸಿಕೊಂಡು ಬಂದು ತಾವೇ ಬೆಸೆದುಕೊಳ್ಳುವವರಿಗೆ ಒಂದೇ ದುಡ್ಡಿಗೆ ಎರಡರಷ್ಟು ಒಳ್ಳೆಯ ಕೇಬಲ್ ಸಿಗುತ್ತದೆ. ಕತ್ತರಿಸುವ ಮೊದಲು ಬ್ಲೇಡಿನಿಂದ ಒಂದು ಎಳೆಯನ್ನು ಕೆರೆದು ನೋಡಿ. ತಾಮ್ರದ ಬಣ್ಣದ ಕೆಳಗೆ ಬೆಳ್ಳಗೆ ಕಂಡರೆ ಅದು ಅಲ್ಯೂಮಿನಿಯಂ, ಮೇಲೆ ತಾಮ್ರದ ಲೇಪ ಅಷ್ಟೇ. ಬೆಸುಗೆ ಸರಿಯಾಗಿ ಹಿಡಿಯುವುದಿಲ್ಲ, ಬೇಗ ಮುರಿಯುತ್ತದೆ. ಕನೆಕ್ಟರ್ ನ್ಯೂಟ್ರಿಕ್ ಕಂಪನಿಯದಾದರೆ ನಿಶ್ಚಿಂತೆ. ಅದರ ಹಿಂಬದಿಯ ಹಿಡಿಕೆ ವೈರಿನ ಹೊದಿಕೆಯನ್ನೇ ಕಚ್ಚಿ ಹಿಡಿಯುವುದರಿಂದ ಯಾರಾದರೂ ಎಡವಿದರೂ ಎಳೆತ ಬೆಸುಗೆಗೆ ತಗಲುವುದಿಲ್ಲ. ಬೆಸೆಯಲು 25 ವ್ಯಾಟಿನ ಕಡ್ಡಿ, 63/37 ಸೀಸ (63 ಪಾಲು ತವರ, 37 ಪಾಲು ಸೀಸ) ಸಾಕು. ಅದು 183 ಡಿಗ್ರಿಯಲ್ಲಿ ಕರಗಿ ಕೂಡಲೇ ಗಟ್ಟಿಯಾಗುವುದರಿಂದ ಹೊಸಬರಿಗೂ ಬೆಸುಗೆ ಚೊಕ್ಕಟವಾಗಿ ಬರುತ್ತದೆ.

ಬೆಸುಗೆ ಬಾರದವರು ಒಂದೇ ಅಂಗಡಿಯಲ್ಲಿ ಒಂದೇ ಮಾದರಿಯ ಎರಡು ಸಿದ್ಧ ಕೇಬಲ್ ಕೊಳ್ಳಿ. ಬೇರೆ ಬೇರೆ ಕಡೆಯ ಎರಡನ್ನು ಜೋಡಿ ಮಾಡಬೇಡಿ. ಸ್ಟ್ಯಾಂಡಿನ ಅಡ್ಡಪಟ್ಟಿಯ (ಸ್ಟೀರಿಯೊ ಬಾರ್) ಮೇಲೆ ಎರಡು ಸಣ್ಣ ಮೈಕು ಕೂರಿಸುವವರು ದಪ್ಪ ಬಿರುಸಾದ ವೈರನ್ನು ನೇರ ಮೈಕಿಗೆ ಹಾಕದೆ ಸ್ಟ್ಯಾಂಡಿಗೆ ಒಂದು ಸುತ್ತು ಸಡಿಲವಾಗಿ ಕಟ್ಟಿ. ಇಲ್ಲದಿದ್ದರೆ ವೈರಿನ ತಿರುಚಿಗೆ ನೀವು ಅಳೆದಿಟ್ಟ 110 ಡಿಗ್ರಿ ಮಧ್ಯರಾತ್ರಿಯ ಹೊತ್ತಿಗೆ 90 ಆಗಿರುತ್ತದೆ.

ಮೊದಲ ಸಲ ಕೊಳ್ಳುವವರು ಮಿತವಾದ ದುಡ್ಡಿನಲ್ಲಿ ಐದು ಮೀಟರಿನ ಸಾದಾ ಎಕ್ಸ್‌ಎಲ್‌ಆರ್ ಒಂದು ಜೋಡಿ, ಅದಕ್ಕೆ ಸೇರಿಸಲು ಹತ್ತು ಮೀಟರಿನ ಇನ್ನೊಂದು ಜೋಡಿ ತನ್ನಿ. ಜೂಮ್ ಎಚ್5, ಟ್ಯಾಸ್ಕ್ಯಾಮ್ ಡಿಆರ್-40ಎಕ್ಸ್‌ನಂಥ 48 ವೋಲ್ಟ್ ಕೊಡುವ ರೆಕಾರ್ಡರಿಗೆ ಇವು ನೇರ ಹೊಂದುತ್ತವೆ. ಮೆಲುದನಿಯ ಕೆಲಸ ಹೆಚ್ಚಾದಾಗ ಐದು ಮೀಟರಿನ ಜೋಡಿಯನ್ನು ಸ್ಟಾರ್-ಕ್ವಾಡಿಗೆ ಬದಲಿಸಿ. ಮಲ್ಟಿಕೋರ್ ರಾತ್ರಿಯಿಡೀ ಆಟಗಳಿಗೆ ಹೋಗಲು ಶುರು ಮಾಡಿದ ಮೇಲೆ. ಐದು ಪಿನ್ನಿನದನ್ನು ನಿಮ್ಮ ಮೈಕೇ ಕೇಳಿದರೆ ಮಾತ್ರ ಕೊಳ್ಳಿ, ಕೊಂಡರೆ ಎರಡು ಕೊಳ್ಳಿ.